ಹನಿಯನ್ನೂ ಬಿಡದ ಕುಂಡ

ಸುಗುಣಮ್ಮನ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಎರಡು ಕುಂಡಗಳಿದ್ದವು. ದೊಡ್ಡಪತ್ರೆ ಬೆಳೆದಿದ್ದ ಮಣ್ಣಿನ ಕುಂಡಕ್ಕೆ ತಳದಲ್ಲಿ ತೂತಿತ್ತು. ಪುದೀನ ನೆಟ್ಟಿದ್ದ ಪಿಂಗಾಣಿ ಕುಂಡ ಹೂಬಳ್ಳಿ ಚಿತ್ತಾರದ ಚೆಲುವೆ. ಅದಕ್ಕೆ ತೂತೇ ಇರಲಿಲ್ಲ. ದಿನಾ ಬೆಳಿಗ್ಗೆ ಸುಗುಣಮ್ಮ ಅಕ್ಕಿ ತೊಳೆದ ನೀರನ್ನು ಎರಡಕ್ಕೂ ಸಮನಾಗಿ ಸುರಿಯುತ್ತಿದ್ದಳು. ಮಣ್ಣಿನ ಕುಂಡ ಸೋರಿ ಕಟ್ಟೆಯೆಲ್ಲ ಒದ್ದೆಯಾದರೆ, "ಇದರದ್ದೊಂದು ಗೋಳು" ಎಂದು ಗೊಣಗುತ್ತಾ ಒರೆಸುತ್ತಿದ್ದಳು.

ಪಿಂಗಾಣಿಗೆ ಅದನ್ನು ನೋಡಿ ಸಹಿಸಲಾಗಲಿಲ್ಲ. "ಏನಯ್ಯಾ, ನಿನ್ನನ್ನೇ ನಂಬಿದ ಗಿಡದ ಪಾಲನ್ನು ಹೀಗೆ ಚೆಲ್ಲುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೆ? ನನ್ನ ಮಗಳಿಗೆ ಬಂದದ್ದರಲ್ಲಿ ಒಂದು ಹನಿಯನ್ನೂ ನಾನು ಹೊರಗೆ ಬಿಟ್ಟವಳಲ್ಲ."

"ಅವಳು ಕುಡಿದು ಮಿಕ್ಕಿದ್ದನ್ನಾದರೂ ಬಿಡು ತಾಯಿ" ಎಂದಿತು ಮಣ್ಣಿನ ಕುಂಡ.

"ಪ್ರೀತಿಯಿದ್ದವರು ಬಿಡುತ್ತಾರೆಯೆ?" ಎಂದು ಪಿಂಗಾಣಿ ಮಾತು ಮುಗಿಸಿತು.

ಕೆಲವು ದಿನಗಳಲ್ಲಿ ಪುದೀನದ ಎಲೆ ಹಳದಿಯಾಯಿತು. ಬಾಯಾರಿರಬೇಕೆಂದು ಸುಗುಣಮ್ಮ ಇನ್ನಷ್ಟು ನೀರು ಹೊಯ್ದಳು. ಪಿಂಗಾಣಿ ಅದನ್ನೂ ಅವಚಿ ಹಿಡಿಯಿತು. ಕೊನೆಗೆ ಗಿಡ ಕಿತ್ತು ನೋಡಿದರೆ ಬೇರು ಕಪ್ಪಗೆ ಕೊಳೆತು ನಾರುತ್ತಿತ್ತು. ತುದಿಯಲ್ಲಿ ಹಸಿರು ಉಳಿದಿದ್ದ ಒಂದೇ ಒಂದು ಕುಡಿಯನ್ನು ಸುಗುಣಮ್ಮ ಚಿವುಟಿ, ದೊಡ್ಡಪತ್ರೆಯ ಪಕ್ಕದಲ್ಲಿ ನೆಟ್ಟಳು.

"ಮಗಳೇ, ನಿನಗೆ ನಾನೇನು ಕಡಿಮೆ ಮಾಡಿದ್ದೆ?" ಎಂದು ಪಿಂಗಾಣಿ ಅಳುತ್ತಾ ಕೇಳಿತು.

"ಏನೂ ಕಡಿಮೆ ಮಾಡಲಿಲ್ಲಮ್ಮ. ಉಸಿರಾಡಲು ಮಾತ್ರ ಜಾಗವಿರಲಿಲ್ಲ" ಎಂದಿತು ಕುಡಿ.

ಈಗ ಪಿಂಗಾಣಿ ಒಲೆಯ ಪಕ್ಕದಲ್ಲಿದೆ. ಸುಗುಣಮ್ಮ ಅದರಲ್ಲಿ ಸೌಟುಗಳನ್ನು ನಿಲ್ಲಿಸಿದ್ದಾಳೆ. ಅವನ್ನೂ ಅದು ಅಷ್ಟೇ ಬಿಗಿಯಾಗಿ ತಬ್ಬಿಕೊಂಡಿದೆ. ಸೌಟುಗಳಿಗೆ ಉಸಿರು ಬೇಕಿಲ್ಲ.