ಮೂವತ್ತೆರಡನೆಯ ಊಟ

ಮರುಳಪ್ಪನೆಂಬ ಶಿಷ್ಯನು ಗುರುಗಳ ಮುಂದೆ ಕುಳಿತು ಕೇಳಿದನು: "ಬುದ್ಧಿ, ಎಲ್ಲರ ಸುಖ ಆದ ಮೇಲೆ ತನ್ನ ಸುಖ ನೋಡಿಕೊಳ್ಳುವವನು ದೊಡ್ಡವನಲ್ಲವೇ?"

ಮರುಳಪ್ಪನು ಗೃಹಸ್ಥ. ಊರಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಅವನು ಕೇಳಿದ ಮಾತಿನಲ್ಲಿಯೇ ಅವನಿಗೆ ಬೇಕಾದ ಉತ್ತರವೂ ಇತ್ತು. ಗುರುಗಳು ಅದನ್ನು ಕಂಡರು. ಆದರೂ, "ಯಾಕೆ ಕೇಳಿದೆ, ಹೇಳು" ಎಂದರು.

"ಮನೆಯಲ್ಲಿ ಒಂದೇ ಗಲಾಟೆ, ಬುದ್ಧಿ. ನಾಲ್ಕು ದಿನ ಸಮುದ್ರದ ಕಡೆ ಹೋಗಿ ಬರೋಣ, ಈ ಸಲ ನೀನೂ ಬರಲೇಬೇಕು ಅಂತ ತಮ್ಮಂದಿರು ಹಟ ಹಿಡಿದಿದ್ದಾರೆ. ನೀವು ಹೋಗಿ ಬನ್ನಿ, ನನ್ನದು ಕಡೆಗೆ ಅಂದೆ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿದೆ. ಅವ್ವನಿಗೆ ಕಾಶಿ ತೋರಿಸಿದ್ದಾಯಿತು. ತಮ್ಮಂದಿರು, ಅವರ ಹೆಂಡಿರು ಮಕ್ಕಳು ನೋಡದ ಊರಿಲ್ಲ. ನಾನು ಮಾತ್ರ ಗಿರಣಿ ಬಿಟ್ಟು ಕದಲಿಲ್ಲ. ಅದಕ್ಕೆ ಚಿಕ್ಕ ತಮ್ಮ ನನ್ನನ್ನು ಬೀಸುಕಲ್ಲು ಅಂತ ಕರೆಯುತ್ತಾನೆ."

ಗುರುಗಳು ನಕ್ಕರು. ನಕ್ಕು ಈ ಕತೆ ಹೇಳಿದರು.

ಒಬ್ಬ ಅಡುಗೆಯವನಿದ್ದನು. ಮದುವೆ, ಗೃಹಪ್ರವೇಶಗಳಲ್ಲಿ ಅಡುಗೆ ಮಾಡುವುದು ಅವನ ಕಸುಬು. ಹರೆಯದಲ್ಲಿ ಒಮ್ಮೆ, ಒಂದು ಮದುವೆಯ ಮನೆಯಲ್ಲಿ, ಅವನು ಹಸಿವು ತಾಳದೆ ಕೊನೆಯ ಪಂಕ್ತಿಗೆ ಮುಂಚೆಯೇ ಒಳಗೆ ಕುಳಿತು ಉಂಡನು. ಅದೇ ಹೊತ್ತಿಗೆ ಹೊರಗೆ ಹುಳಿ ಸಾಲದೆ ಹೋಯಿತು. ನೋಡಿ ಮಾಡಬೇಕಾದವನು ಎಲೆಯ ಮುಂದೆ ಕುಳಿತಿದ್ದನು. ಹನ್ನೊಂದು ಮಂದಿ ಬರಿಯ ಮಜ್ಜಿಗೆ ಅನ್ನ ಉಂಡು ಎದ್ದರು. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದನೋ ಏನೋ. ಆ ದಿನ ಅವನು ಒಂದು ನೇಮ ಹಿಡಿದನು. ಉಣ್ಣಲು ಬಂದವರಲ್ಲಿ ಕೊನೆಯವನು ಕೈ ತೊಳೆಯುವ ತನಕ ತಾನು ತುತ್ತು ಮುಟ್ಟಬಾರದು. ಎಲ್ಲಿ ಹೋದರೂ ಇದೇ ನೇಮ. ತಾನು ಮಾಡಿದ ಅಡುಗೆಯಾದರೂ ಅಷ್ಟೆ, ಬೇರೆಯವರು ಮಾಡಿದ್ದಾದರೂ ಅಷ್ಟೆ. ನಲವತ್ತು ವರ್ಷ ಆ ನೇಮ ತಪ್ಪಲಿಲ್ಲ.

ಅವನಿಗೆ ಮುಪ್ಪು ಬಂದಿತು. ಸೌಟು ಕೆಳಗಿಟ್ಟನು. ಅವನ ಕೈಯ ಊಟ ಉಂಡು ಬೆಳೆದ ಒಬ್ಬ ವ್ಯಾಪಾರಿಯು ಒಂದು ದಿನ ಅವನ ಮನೆಗೆ ಬಂದು ಹೇಳಿದನು: "ಅಣ್ಣಾ, ನಮ್ಮ ಮನೆಯ ಆರು ಮದುವೆಗೆ ನೀನು ಬೆಂಕಿಯ ಮುಂದೆ ನಿಂತಿದ್ದೀಯ. ಈಗ ನನ್ನ ಜೊತೆ ಹಡಗಿನಲ್ಲಿ ಬಾ. ನಾಲ್ಕು ದಿನ ನೀರಿನ ಮುಂದೆ ಕೂತಿರು."

ಅಡುಗೆಯವನು ಹೊರಟನು.

ಅದು ಪ್ರಯಾಣಿಕರ ದೊಡ್ಡ ಹಡಗು. ಎರಡು ಸಾವಿರ ಜನ. ಅವರು ಮನೆಯಲ್ಲಿ ಊಟ ಮುಗಿಸಿಕೊಂಡು ಸಂಜೆ ಹತ್ತಿದರು. ಮರುದಿನ ದಾರಿಯಲ್ಲಿ ಯಾವ ಬಂದರೂ ಇರಲಿಲ್ಲ. ಇಳಿಯುವವರಿಲ್ಲ, ಹತ್ತುವವರಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸಮುದ್ರವೇ. ಜನರು ಮೇಲಿನ ಡೆಕ್ಕಿನಲ್ಲಿ ಆರಾಮಕುರ್ಚಿ ಹಾಕಿಕೊಂಡು ಒರಗಿದರು.

ವ್ಯಾಪಾರಿಯು ಹೇಳಿದನು: "ನಿನಗೆಂದು ಬೇರೆ ಅಡುಗೆ ಹೇಳಿಸಿದ್ದೇನೆ. ಅನ್ನ, ಸಾರು, ಪಲ್ಯ. ಹಸಿವಾದಾಗ ಹೋಗಿ ಉಣ್ಣು. ನಾನು ನಿದ್ದೆ ಮಾಡುವುದಕ್ಕೇ ಬಂದವನು. ಹಡಗು ಮುಳುಗಿದರೆ ಮಾತ್ರ ಎಬ್ಬಿಸು." ಹೀಗೆ ಹೇಳಿ ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದನು.

ಅಡುಗೆಯವನು ಊಟದ ಮನೆಗೆ ಹೋದನು. ಜನ ತಿಂಡಿ ತಿನ್ನುತ್ತಿದ್ದರು. ಮುಗಿಯಲಿ ಎಂದು ಬಾಗಿಲಲ್ಲಿ ನಿಂತನು. ಒಂದು ಮೇಜು ಬರಿದಾಗುವ ಹೊತ್ತಿಗೆ ಇನ್ನೊಂದು ತುಂಬುತ್ತಿತ್ತು. ತಿಂಡಿ ಮುಗಿಯುವ ಮೊದಲೇ ಊಟ ಬಂದಿತು. ಊಟದವರು ಏಳುವ ಮೊದಲೇ ಹಣ್ಣು, ಚಹಾ ಬಂದವು. ಬೆಳಗ್ಗೆ ಕಂಡವರೇ ಮಧ್ಯಾಹ್ನ ಮತ್ತೆ ಬಂದರು. ಅವರ ನಂತರ ಅವನು ಕಾಣದವರು ಬಂದರು.

ಬೇಗ ಮುಗಿಯಲಿ ಎಂಬ ಆಸೆಯಿಂದ ಅವನು ಒಳಗೆ ಹೋಗಿ ಒಂದು ಸೌಟು ಹಿಡಿದು ಬಡಿಸತೊಡಗಿದನು. ಬಡಿಸುವ ಆಳು ಓಡಿ ಬಂದನು.

"ಅಜ್ಜಾ, ನೀವು ಇಷ್ಟು ಉಪಚಾರ ಮಾಡಿದರೆ ಅವರು ಇನ್ನೊಂದು ತಟ್ಟೆ ಹೆಚ್ಚಿಗೆ ತಿಂತಾರೆ. ಕೊಡಿ ಇಲ್ಲಿ."

"ಇದರಲ್ಲಿ ಕೊನೆಯ ಪಂಕ್ತಿ ಯಾವುದಪ್ಪ?"

"ಕೊನೆಯದೇ? ನಾನು ಈ ಹಡಗಿಗೆ ಸೇರಿ ಒಂಬತ್ತು ವರ್ಷವಾಯಿತು. ಮೊದಲನೆಯದೇ ಇನ್ನೂ ಎದ್ದಿಲ್ಲ."

ಅಡುಗೆಯವನು ಮೇಲೆ ಬಂದನು. ಕಂಬಿ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕುಳಿತನು. ಎದುರಿಗೆ ಸಮುದ್ರವಿತ್ತು. ಅವನು ಅದನ್ನು ನೋಡಲಿಲ್ಲ. ಅವನ ಕಣ್ಣು ಊಟದ ಮನೆಯ ಮೆಟ್ಟಿಲ ಮೇಲೆಯೇ ಇತ್ತು.

ನಾಲ್ಕು ಗಂಟೆಗೆ ವ್ಯಾಪಾರಿಗೆ ಎಚ್ಚರವಾಯಿತು. "ಉಂಡೆಯಾ?" ಎಂದು ಕೇಳಿದನು.

"ಪಂಕ್ತಿ ಇನ್ನೂ ಮುಗಿದಿಲ್ಲ."

ವ್ಯಾಪಾರಿಯು ಮೊದಲು ನಕ್ಕನು. ಅಡುಗೆಯವನ ಮುಖ ನೋಡಿದ ಮೇಲೆ ಅವನ ನಗು ನಿಂತಿತು. "ಬೆಳಗಿನಿಂದ ಹಾಗೇ ಇದ್ದೀಯಾ? ಇದೇನು ಮದುವೆಯ ಮನೆಯೇ? ಅಲ್ಲಿ ತಿನ್ನುವವರು ನಿನ್ನ ಬೀಗರೇ? ಇದೊಂದು ದಿನ ನೇಮ ಬಿಡು, ಮಾರಾಯ."

"ಒಂದು ದಿನ ನಾನು ಮೊದಲು ಉಂಡಿದ್ದಕ್ಕೆ ಹನ್ನೊಂದು ಮಂದಿ ಮಜ್ಜಿಗೆ ಅನ್ನ ಉಂಡು ಎದ್ದರು."

"ನಿನ್ನನ್ನು ಸುಖವಾಗಿಡಲು ಕರೆತಂದೆ. ಸಾಯಿಸಲು ಕರೆತಂದೆ ಅಂತ ಊರಿನವರು ಹೇಳುವ ಹಾಗೆ ಮಾಡುತ್ತೀಯಲ್ಲ!" ಎಂದು ವ್ಯಾಪಾರಿಯು ಸಿಟ್ಟಿನಿಂದ ಎದ್ದು ಅಡುಗೆಮನೆಯ ಕಡೆ ಹೋದನು.

ಸ್ವಲ್ಪ ಹೊತ್ತಿನಲ್ಲಿ ಹಡಗಿನ ಅಡುಗೆಯವರಲ್ಲಿ ಒಬ್ಬನು ಮೇಲೆ ಬಂದನು. ಅವನು ಕರಾವಳಿಯ ಕಡೆಯವನು. ಅವನ ಕೈಯಲ್ಲಿ ಮುಚ್ಚಿದ ತಟ್ಟೆ ಇತ್ತು.

"ಅಜ್ಜಾ, ಬೇರೆ ಹೇಳಿ ಮಾಡಿಸಿದ ಊಟಗಳು ನನ್ನ ಪಾಲಿನವು. ಇವತ್ತು ಅಂಥವು ಮೂವತ್ತೆರಡು. ಮೂವತ್ತೊಂದು ಮಧ್ಯಾಹ್ನಕ್ಕೇ ಹೋದವು. ಇದೊಂದು ಉಳಿದಿದೆ. ಮೂರು ಸಲ ಬಿಸಿ ಮಾಡಿದ್ದೇನೆ."

"ಇರಲಿಬಿಡು. ನೀನು ಹೋಗಿ ಊಟ ಮಾಡು."

"ಬೆಳಗ್ಗೆ ಐದಕ್ಕೆ ಒಲೆಯ ಮುಂದೆ ನಿಂತವನು ಇನ್ನೂ ಒಂದು ತುತ್ತು ತಿಂದಿಲ್ಲ."

"ಯಾಕೆ?"

"ಯಾಕೆ ಅಂತ ನೀವು ಕೇಳುತ್ತೀರಾ? ಅಡುಗೆಯವರು ಅಂತ ನಿಮ್ಮ ಧಣಿ ಹೇಳಿದರು. ನನ್ನ ಪಾಲಿನವರಲ್ಲಿ ಒಬ್ಬರು ಉಣ್ಣದೆ ಇರುವಾಗ ನನ್ನ ಗಂಟಲಲ್ಲಿ ಅನ್ನ ಇಳಿಯುತ್ತದೆಯೇ? ನೀವು ಉಂಡರೆ ನಾನು ಉಂಡೇನು. ಉಣ್ಣುವುದಿಲ್ಲ ಅಂದರೆ ಅದನ್ನಾದರೂ ಹೇಳಿಬಿಡಿ. ನಾಳೆಯವರೆಗೂ ಕಾಯುತ್ತೇನೆ."

ಮುದುಕನು ತಲೆಯೆತ್ತಿ ನೋಡಿದನು. ಅವನು ಜೀವಮಾನವೆಲ್ಲ ಉಣ್ಣುವವರ ಮುಖ ನೋಡಿದ್ದನು. ಹಸಿದ ಅಡುಗೆಯವನ ಮುಖ ಹೇಗಿರುತ್ತದೆ ಎಂಬುದನ್ನು ಅಂದೇ ಮೊದಲು ಕಂಡನು.

ಅವನು ಬಹಳ ಹೊತ್ತು ಯೋಚಿಸಲಿಲ್ಲ. ತಟ್ಟೆ ತೆಗೆದುಕೊಂಡನು. ಒಂದು ತುತ್ತು ಕಲಸಿ ಬಾಯಿಗಿಟ್ಟನು. ಕೆಳಗೆ ಊಟದ ಮನೆಯಲ್ಲಿ ಜನ ಇನ್ನೂ ಉಣ್ಣುತ್ತಲೇ ಇದ್ದರು.

"ಹೇಗಿದೆ?" ಎಂದು ಹಡಗಿನವನು ಕೇಳಿದನು.

"ಸಾರಿಗೆ ಉಪ್ಪು ಹೆಚ್ಚಾಗಿದೆ."

"ನಾನು ಹಾಕಿದಾಗ ಸರಿಯಾಗಿತ್ತು. ಮೂರು ಸಲ ಕುದಿಸಿದ್ದು ಯಾರಿಂದ, ಅಜ್ಜಾ? ಹೆಚ್ಚಿನ ಉಪ್ಪು ನಿಮ್ಮದು."

ಇಬ್ಬರೂ ನಕ್ಕರು. ಮುದುಕನು ತಟ್ಟೆ ಬರಿದು ಮಾಡಿದನು. ಹಡಗಿನವನು ಕೆಳಗೆ ಹೋಗಿ ತಾನೂ ಉಂಡು, ಮರಳಿ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತನು. ಇಬ್ಬರಿಗೂ ಮಾಡಲು ಕೆಲಸವಿರಲಿಲ್ಲ. ಆಗ ಮುದುಕನು ಸಮುದ್ರವನ್ನು ನೋಡಿದನು. "ಇದು ಬೆಳಗಿನಿಂದಲೂ ಹೀಗೇ ಇತ್ತೇ?" ಎಂದು ಕೇಳಿದನು.

"ಹೀಗೇ ಇತ್ತು" ಎಂದನು ಹಡಗಿನವನು.

ಗುರುಗಳು ಕತೆ ನಿಲ್ಲಿಸಿದರು.

ಮರುಳಪ್ಪನು ತಲೆದೂಗಿದನು. "ಕತೆ ಚೆನ್ನಾಗಿದೆ, ಬುದ್ಧಿ. ಆ ಮುದುಕ ಹಡಗಿನವನನ್ನು ಸುಮ್ಮನೆ ಉಪವಾಸ ಕೆಡವಿದ. ತಪ್ಪು ಅವನದೇ, ನಾನು ಒಪ್ಪುತ್ತೇನೆ. ಆದರೆ ನನ್ನದು ಹಾಗಲ್ಲ. ನಾನು ಕಡೆಗೆ ಉಳಿದದ್ದರಿಂದ ನಮ್ಮ ಮನೆಯಲ್ಲಿ ಯಾರ ಸುಖವೂ ನಿಂತಿಲ್ಲ. ನನ್ನ ಹಿಂದೆ ಯಾರಿದ್ದಾರೆ ಹೇಳಿ?"

ಗುರುಗಳು ಕೇಳಿದರು: "ಈ ಇಪ್ಪತ್ತು ವರ್ಷದಲ್ಲಿ ನಿನ್ನ ಹೆಂಡತಿ ಯಾವ ಯಾವ ಊರು ನೋಡಿದಳು, ಮರುಳಪ್ಪಾ?"