ಹಾಲು ಹೆಪ್ಪುಗಟ್ಟದ ಮನೆ

"ಗುರುಗಳೇ, ಒಬ್ಬರು ಬಂದ ಮೇಲೆ ಕೆಡುಕಾದರೆ ಆ ಕೆಡುಕಿಗೆ ಅವರೇ ಕಾರಣರಲ್ಲವೇ?"

ಕೇಳಿದವನು ವಿರೂಪಾಕ್ಷ. ಮುತ್ತಾತನ ಕಾಲದಿಂದಲೂ ಅವನ ಮನೆತನದವರು ಈ ಗುರುಕುಲದಲ್ಲೇ ಓದಿದವರು. ಅವರಲ್ಲಿ ಒಬ್ಬರೂ ಪಾಠ ಒಪ್ಪಿಸುವಾಗ ತಪ್ಪಿದ ಮಾತಿಲ್ಲ. ಈಗ ವಿರೂಪಾಕ್ಷ ತಪ್ಪುತ್ತಿದ್ದ. ಕೊಟ್ರಯ್ಯನೆಂಬ ಹೊಸಬ ಬಂದು ಸೇರಿದ ಮೇಲೆಯೇ ಹೀಗಾಯಿತೆಂದು, ಅವನ ಕಾಲ್ಗುಣವೇ ಕೆಟ್ಟದ್ದೆಂದು ಎಲ್ಲರ ಕಿವಿಗೂ ಹಾಕಿದ್ದ. ಉಳಿದವರು ಕೊಟ್ರಯ್ಯನ ಪಕ್ಕದಲ್ಲಿ ಊಟಕ್ಕೆ ಕೂರುವುದನ್ನು ಬಿಟ್ಟರು. ಬೆಳಗಾದರೆ ಹೊರಡುತ್ತೇನೆಂದು ಕೊಟ್ರಯ್ಯ ಗುರುಗಳ ಅಪ್ಪಣೆ ಬೇಡಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಗೃಹಿಣಿ ಇದ್ದಳು. ಕೇರಿಯಲ್ಲಿ ಯಾರ ಮನೆಯ ಮೊಸರು ಕೆಟ್ಟರೂ ಹೆಪ್ಪಿಗೆ ಅವಳ ಬಾಗಿಲಿಗೇ ಬರುತ್ತಿದ್ದರು. ಅತ್ತೆಯ ಕಾಲದಿಂದ ಬಂದ ಗೌರವ ಅದು. ಪಕ್ಕದ ಮನೆಗೆ ಹೊಸಬಳೊಬ್ಬಳು ಬಂದಳು. ಅವಳೂ ಇಲ್ಲಿಂದಲೇ ಹೆಪ್ಪು ಒಯ್ದಳು. ಸ್ವಲ್ಪ ದಿನಕ್ಕೆ ಕೇರಿಯವರು ಆ ನೆರೆಯವಳ ಮೊಸರನ್ನು ಹೊಗಳತೊಡಗಿದರು. ಗೃಹಿಣಿಗೆ ಹೊಟ್ಟೆ ಉರಿಯಿತು. ಅದರ ಬೆನ್ನಿಗೇ ಅವಳ ಮನೆಯ ಹಾಲು ಹೆಪ್ಪುಗಟ್ಟದೆ ನೀರಾಡತೊಡಗಿತು. ಹೆಪ್ಪಿನ ಜೊತೆಗೆ ನಮ್ಮ ಮನೆಯ ಲಕ್ಷ್ಮಿಯನ್ನೂ ಹೊತ್ತುಕೊಂಡು ಹೋದಳು ಎಂದು ಅವಳು ಕೇರಿಗೆಲ್ಲ ಸಾರಿದಳು. ಜನ ನಂಬಿದರು. ಬಾವಿಯ ಹತ್ತಿರ ನೆರೆಯವಳನ್ನು ಕಂಡರೆ ಸರಿದು ನಿಂತರು.

ಒಂದು ದಿನ ಅತ್ತೆ ಕೇಳಿದಳು, "ಒಲೆಯ ಪಕ್ಕ ಇಡುತ್ತಿದ್ದ ಗಡಿಗೆ ಎಲ್ಲಿ ಹೋಯಿತೇ?"

"ಅವಳ ಕಣ್ಣು ತಾಗಬಾರದೆಂದು ಹಿಂದಿನ ಕೋಣೆಗೆ ಸಾಗಿಸಿದ್ದೇನೆ, ಅತ್ತೆ."

"ಈ ಚಳಿಯಲ್ಲಿ, ಆ ತಣ್ಣನೆಯ ಕಲ್ಲುನೆಲದ ಮೇಲೆ ಹಾಲು ಹೆಪ್ಪಾಗುತ್ತದೇನೇ?"

ಗೃಹಿಣಿ ಬಿಟ್ಟುಕೊಡಲಿಲ್ಲ. "ಅವಳು ಬರದಿದ್ದರೆ ನಾನೇಕೆ ಗಡಿಗೆ ಎತ್ತಿಡುತ್ತಿದ್ದೆ? ಈಗಲೂ ಅವಳೇ ಕಾರಣ."

ವಿರೂಪಾಕ್ಷ ನಕ್ಕುಬಿಟ್ಟ. ಎಂಥ ಹಟಮಾರಿ ಹೆಂಗಸು ಎಂದ. ಗುರುಗಳು ನಗಲಿಲ್ಲ. ಪಾಠ ಒಪ್ಪಿಸುವಾಗ ನಿನ್ನ ಗಮನ ಎಲ್ಲಿರುತ್ತದೆ ಎಂದಷ್ಟೇ ಕೇಳಿದರು.

ಅದು ಎಲ್ಲಿರುತ್ತದೆಂದು ವಿರೂಪಾಕ್ಷನಿಗೆ ಗೊತ್ತಿತ್ತು. ಕೊಟ್ರಯ್ಯ ತನ್ನನ್ನು ಮೀರಿ ಹೋದನೇ ಎಂದು ಅವನ ತುಟಿಯನ್ನೇ ನೋಡುತ್ತಿರುತ್ತಿದ್ದ. ಅವನು ಇಲ್ಲಿಗೆ ಬರದಿದ್ದರೆ ನಾನೇಕೆ ಅತ್ತ ನೋಡುತ್ತಿದ್ದೆ ಎನ್ನಹೊರಟವನು, ತಾನು ಯಾರ ಮಾತನ್ನು ಆಡುತ್ತಿದ್ದೇನೆಂದು ತಿಳಿದು ಅರ್ಧಕ್ಕೇ ನಿಂತ.

ಗುರುಗಳು ಹೇಳಿದರು, "ನಾಳೆ ಅವನು ಹೊರಡುವ ಮುಂಚೆ, ಎಲ್ಲರ ಎದುರಿಗೆ, ಅವನ ಕ್ಷಮೆ ಕೇಳು."