ವಿದ್ವಾಂಸರು ಮೆಚ್ಚಿದ ಪೆಟ್ಟಿಗೆ

ಮೈಕ್‌ಸೆಟ್ಟಿನ ಜಯಶೀಲಾಳ ಆಂಪ್ಲಿಫೈಯರ್ ಮೇಲೆ ‘ಕ್ಲಾಸ್ ಡಿ’ ಎಂದು ಬರೆದಿದ್ದನ್ನು ಕಂಡು ವಿದ್ವಾನ್ ಪದ್ಮನಾಭಯ್ಯನವರು ವೇದಿಕೆಯಿಂದ ಇಳಿದೇಬಿಟ್ಟರು.

“ನಾನು ರೇಡಿಯೋದ ಎ ದರ್ಜೆ ಕಲಾವಿದ. ಎ ಕ್ಲಾಸ್ ತರದಿದ್ದರೆ ಹಾಡುವುದಿಲ್ಲ.”

ಹೊರಗೆ ಮುನ್ನೂರು ಜನ ಕಾಯುತ್ತಿದ್ದರು. ಜಯಶೀಲಾ ಹಳೆಯ ಎ ಕ್ಲಾಸ್ ಪೆಟ್ಟಿಗೆಯೊಂದನ್ನು ತಂದು, ವೇದಿಕೆಯಲ್ಲಿ ಅವರು ಕೂರುವ ಜಾಗದ ಪಕ್ಕದಲ್ಲೇ ಇಟ್ಟು ಸ್ವಿಚ್ ಹಾಕಿದಳು. ವಿದ್ವಾಂಸರು ಮತ್ತೆ ಹತ್ತಿ ಕುಳಿತು, ಮೈಕಿನಲ್ಲಿ ಒಂದು ಆಲಾಪ ಮಾಡಿ, “ನಾದ ಅಂದರೆ ಇದಮ್ಮ” ಎಂದು ತಲೆದೂಗಿದರು. ಅಷ್ಟರಲ್ಲಿ ಕೈ ಪೆಟ್ಟಿಗೆಗೆ ತಾಗಿ ಬೆಚ್ಚಿಬಿದ್ದರು.

“ಏನಮ್ಮ ಇದು, ಕಾದ ಕಾವಲಿ ಹಾಗಿದೆ?”

“ಎ ಕ್ಲಾಸ್ ಹಾಗೇ ಸ್ವಾಮಿ. ನೀವು ಹಾಡಿದರೂ ಸುಮ್ಮನಿದ್ದರೂ ಪೂರ್ತಿ ಕರೆಂಟು ಎಳೆಯುತ್ತೆ. ಡಿ ಕ್ಲಾಸ್ ಸೆಕೆಂಡಿಗೆ ಲಕ್ಷಾಂತರ ಸಲ ಆನ್ ಆಫ್ ಆಗುತ್ತಾ ತಣ್ಣಗಿರುತ್ತೆ. ಅಕ್ಷರ ಹೇಳೋದು ಕೆಲಸದ ರೀತಿ, ಮೇಲು ಕೀಳಲ್ಲ.”

“ಆದರೂ ನಾದ ಇದರದ್ದೇ” ಎಂದು ಅವರು ಬಿಸಿ ತಾಗಿದ ಕೈಗೆ ಉಫ್ ಎಂದು ಊದಿಕೊಂಡರು.

“ಇದಕ್ಕೆ ಸ್ಪೀಕರಿನ ವೈರೇ ಕೊಟ್ಟಿಲ್ಲ ಸ್ವಾಮಿ. ನೀವು ಮೆಚ್ಚಿದ ನಾದ ಪರದೆಯ ಹಿಂದಿರೋ ಡಿ ಕ್ಲಾಸಿನದ್ದು.”

ವಿದ್ವಾಂಸರು ತಂಬೂರಿ ಎಳೆದುಕೊಂಡು, “ಮೊದಲು ಈ ಒಲೆ ಆರಿಸು ತಾಯಿ” ಎಂದರು.